ನವನಗರದ ಶೆಡ್ಡಿನಲ್ಲಿ ಏಳು ಪೈಪು

ಶೆಡ್ಡಿನ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಕಾರು ಬರೆದಿಟ್ಟಿದ್ದೆ. ಚಿತ್ರವಲ್ಲ, ನಿಜದ ಅಳತೆ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಏಳೂಕಾಲು ಅಡಿ. ಎರಡು ಸೀಟು, ಉದ್ದನೆಯ ಮೂತಿ, ಬಾಗಿಲಿಲ್ಲ, ಛಾವಣಿಯಿಲ್ಲ. ಪಕ್ಕದಲ್ಲಿ ಗೋಡೆಗೆ ಒರಗಿಸಿದ ಏಳು ಚೌಕ ಪೈಪು, ಒಂದೊಂದೂ ಇಪ್ಪತ್ತು ಅಡಿಯದು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಮೂವತ್ತು ವರ್ಷ ವೆಲ್ಡಿಂಗ್ ಮಾಡಿದ ಮಿಸ್ತ್ರಿಯೊಬ್ಬರನ್ನು ಕರೆತಂದು ಅದನ್ನು ತೋರಿಸಿದೆ. ಅವರು ಗೆರೆಯ ಸುತ್ತ ಒಂದು ಸುತ್ತು ಹಾಕಿದರು.

“ಗುರುತೇನೋ ಚಲೋ ಹಾಕೀರಿ. ಆದ್ರ ಓರೆಪಟ್ಟಿ ಎಲ್ಲೈತ್ರೀ ಸರ?”

ಯಾವ ಓರೆಪಟ್ಟಿ ಎಂದೆ. ಅವರು ಮೂಲೆಯಲ್ಲಿ ಬಿದ್ದಿದ್ದ ಹಣ್ಣಿನ ಪೆಟ್ಟಿಗೆಯ ಪಟ್ಟಿ ಕಿತ್ತು ನಾಲ್ಕನ್ನು ಚೌಕವಾಗಿಟ್ಟು ಮೂಲೆಗೊಂದು ಮೊಳೆ ಹೊಡೆದು ನನ್ನ ಕೈಗೆ ಕೊಟ್ಟರು. “ನೂಕ್ರಿ.” ಬೆರಳು ತಾಗಿಸಿದ್ದೇ ತಡ, ಚೌಕ ವಾಲಿ ಹೋಯಿತು. ಮೂಲೆಯಿಂದ ಮೂಲೆಗೆ ಐದನೆಯ ಪಟ್ಟಿ ಹೊಡೆದು ಮತ್ತೆ ಕೊಟ್ಟರು. ಈಗ ಎರಡೂ ಕೈ ಹಾಕಿ ನೂಕಿದರೂ ಅಲುಗಲಿಲ್ಲ.

“ಗೇಟಿಗೂ ಇದ ಲೆಕ್ಕ, ಲಾರಿ ಬಾಡಿಗೂ ಇದ ಲೆಕ್ಕ. ನಿಮ್ಮ ಕಾರಿಗೇನು ಬ್ಯಾರೆ ಲೆಕ್ಕ ಇರಂಗಿಲ್ಲ.”

ಪೈಪಿನ ಚಾಸಿಯ ಗುಟ್ಟು ಇಷ್ಟೇ. ಅದರ ಶಕ್ತಿ ಕಬ್ಬಿಣದ ದಪ್ಪದಲ್ಲಿಲ್ಲ, ತ್ರಿಕೋನದಲ್ಲಿದೆ. 25 ಮಿಲಿಮೀಟರ್ ಚೌಕದ, 1.6 ಮಿಲಿಮೀಟರ್ ದಪ್ಪದ ಪೈಪು ಮೀಟರಿಗೆ ಸುಮಾರು 1.2 ಕೆ.ಜಿ. ತೂಗುತ್ತದೆ. ನಲವತ್ತು ಮೀಟರ್ ಪೈಪು ಹಿಡಿದರೂ ಅಸ್ಥಿಪಂಜರದ ತೂಕ 50 ಕೆ.ಜಿ. ದಾಟುವುದಿಲ್ಲ, ಒಂದು ಚೀಲ ಸಿಮೆಂಟಿನಷ್ಟು. ಅದರ ಮೇಲೆ ಎಂಜಿನ್, ಇಬ್ಬರು ಮನುಷ್ಯರು, ಹುಬ್ಬಳ್ಳಿಯ ತಗ್ಗುದಿಣ್ಣೆ. ಒಂದೇ ಒಂದು ಓರೆಪಟ್ಟಿ ಮರೆತರೂ ಇಡೀ ಗೂಡು ತಿರುಚಿಕೊಳ್ಳುತ್ತದೆ.

ನೆಲದ ಮೇಲಿನ ಆ ಗೆರೆಗಳ ಮೂಲ ಇಂಗ್ಲೆಂಡಿನದು. ಕಾಲಿನ್ ಚಾಪ್‌ಮನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ 1948ರಲ್ಲಿ, ಮುಂದೆ ತನ್ನ ಹೆಂಡತಿಯಾದ ಹುಡುಗಿಯ ತಂದೆಯ ಮನೆಯ ಹಿಂದಿದ್ದ ಗ್ಯಾರೇಜಿನಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ ಹೊಸದಾಗಿ ಕಟ್ಟಿದ. ಅದು ಮೊದಲ ಲೋಟಸ್ ಕಾರು. 1957ರಲ್ಲಿ ಅದೇ ಚಾಪ್‌ಮನ್ ಲೋಟಸ್ ಸೆವೆನ್ ತಂದ. ಪೂರ್ತಿ ಜೋಡಿಸಿದ ಕಾರಿಗೆ ಬ್ರಿಟನ್ನಿನಲ್ಲಿ ಆಗ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಪೆಟ್ಟಿಗೆಗೆ ಇರಲಿಲ್ಲ. ಜನ ಪೆಟ್ಟಿಗೆ ಕೊಂಡು ಮನೆಯಲ್ಲಿ ಕಾರು ಜೋಡಿಸಿಕೊಂಡರು. ಜೋಡಿಸುವ ಸೂಚನೆ ಕೊಟ್ಟರೆ ತೆರಿಗೆ ಬೀಳುತ್ತಿದ್ದುದರಿಂದ ಬಿಚ್ಚುವ ಸೂಚನೆ ಕೊಟ್ಟು, ಅದನ್ನು ಹಿಂದಿನಿಂದ ಮುಂದಕ್ಕೆ ಓದಿಕೊಳ್ಳಿ ಎನ್ನುತ್ತಿದ್ದರಂತೆ. 1973ರಲ್ಲಿ ವ್ಯಾಟ್ ಬಂದು ಆ ಅನುಕೂಲ ಹೋಯಿತು. ಅದೇ ವರ್ಷ ಸೆವೆನ್ ಕಟ್ಟುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಅದು ಇಂದಿಗೂ ಆ ಕಾರನ್ನು ಕಟ್ಟುತ್ತಿದೆ. 1996ರಲ್ಲಿ ರಾನ್ ಚಾಂಪಿಯನ್ ಎಂಬ ಶಾಲಾ ಶಿಕ್ಷಕರು ಇನ್ನೂರೈವತ್ತು ಪೌಂಡಿನಲ್ಲಿ ಇಂಥದ್ದೇ ಕಾರು ಮಾಡಿಕೊಳ್ಳುವ ಬಗೆಯನ್ನು ಪುಸ್ತಕವಾಗಿ ಬರೆದರು. ಪೆಟ್ಟಿಗೆಯೂ ಬೇಡ, ಪೈಪು ತಂದುಕೋ, ಗುಜರಿ ಫೋರ್ಡ್ ಎಸ್ಕಾರ್ಟ್ ಒಂದನ್ನು ಬಿಚ್ಚಿಕೋ, ಬೆಸುಗೆ ಕಲಿ ಎಂದರು. ವೃತ್ತಿಯಿಂದ ಮೆಕ್ಯಾನಿಕ್ ಅಲ್ಲದ ಎಷ್ಟೋ ಜನ ಆ ಪುಸ್ತಕ ಹಿಡಿದು ಕಾರು ಕಟ್ಟಿದರು. ನನ್ನ ಏಳು ಪೈಪುಗಳ ಹಿಂದೆ ಇರುವುದೂ ಆ ಪುಸ್ತಕವೇ.

ಆದರೆ ಧಾರವಾಡ ಜಿಲ್ಲೆಯಲ್ಲಿ ಫೋರ್ಡ್ ಎಸ್ಕಾರ್ಟ್ ಎಲ್ಲಿಂದ ತರುವುದು? ಸೆವೆನ್ ಬಗೆಯ ಕಾರಿಗೆ ಮುಂದೆ ಉದ್ದುದ್ದ ಕೂತ ಎಂಜಿನ್, ನಡುವೆ ಗೇರ್‌ಬಾಕ್ಸ್, ಹಿಂದಿನ ಗಾಲಿಗೆ ಎಳೆತ ಬೇಕು. ಊರ ತುಂಬ ಇರುವ ಮಾರುತಿ 800 ಇದಕ್ಕೆ ಒದಗದು. ಅದರ ಎಂಜಿನ್ ಅಡ್ಡ ಕೂತು ಮುಂದಿನ ಗಾಲಿ ತಿರುಗಿಸುತ್ತದೆ. ಅಂಬಾಸಿಡರ್ ಒದಗುತ್ತದೆ, ಅಲಿಬಾಗಿನ ಚಿಂಕಾರಾ ಮೋಟಾರ್ಸ್‌ನವರು ಸೆವೆನ್ ಮಾದರಿಯ ತಮ್ಮ ರೋಡ್‌ಸ್ಟರ್‌ಗೆ ಹಾಕಿದ್ದು ಅಂಬಾಸಿಡರಿನಲ್ಲಿ ಬರುತ್ತಿದ್ದ 1.8 ಲೀಟರಿನ ಇಸುಝು ಎಂಜಿನ್ನನ್ನೇ. ಜಿಪ್ಸಿ ಇನ್ನೂ ಒಳ್ಳೆಯದು, ಆದರೆ ಜಿಪ್ಸಿ ಇದ್ದವರು ಬಿಡುವುದಿಲ್ಲ. ಉಳಿದದ್ದು ಓಮ್ನಿ. ಶಾಲೆಯ ಮಕ್ಕಳನ್ನು, ಮದುವೆಯ ಸಾಮಾನನ್ನು, ಆಸ್ಪತ್ರೆಯ ರೋಗಿಯನ್ನು ಹೊತ್ತು ಸವೆದ ಆ ಡಬ್ಬಿಯೊಳಗೆ ಬೇಕಾದದ್ದೆಲ್ಲ ಇದೆ: ಉದ್ದುದ್ದ ಕೂತ 796 ಸಿಸಿ ಎಂಜಿನ್, ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಕಮಾನು ಪಟ್ಟಿಯ ಮೇಲೆ ಇಡಿಯಾಗಿ ಕೂತ ಆಕ್ಸಲ್. ಓಮ್ನಿ ತಯಾರಿಕೆ 2019ರಲ್ಲಿ ನಿಂತರೂ ಅದರ ಬಿಡಿಭಾಗ ಸಿಗದ ಊರು ಉತ್ತರ ಕರ್ನಾಟಕದಲ್ಲಿಲ್ಲ.

ಅದರ ಶಕ್ತಿ ಸುಮಾರು 35 ಎಚ್‌ಪಿ. ಇಷ್ಟರಲ್ಲಿ ಸ್ಪೋರ್ಟ್ಸ್ ಕಾರೇ ಎಂದು ಕೇಳುವವರಿಗೆ ಹೇಳುತ್ತೇನೆ: 1957ರ ಮೊದಲ ಲೋಟಸ್ ಸೆವೆನ್‌ಗೆ ಇದ್ದದ್ದು 1172 ಸಿಸಿಯ ಫೋರ್ಡ್ ಎಂಜಿನ್, 40 ಎಚ್‌ಪಿ. ಆ ಕಾರಿನ ಹೆಸರು ಉಳಿದದ್ದು ಬಲದಿಂದಲ್ಲ, ಹಗುರದಿಂದ. ಓಮ್ನಿಯ ತಗಡಿನ ಮೈ, ಗಾಜು, ಬಾಗಿಲು, ಹಿಂದಿನ ಸೀಟುಗಳನ್ನೆಲ್ಲ ಕಳಚಿಟ್ಟು ಅದೇ ಎಂಜಿನ್ನಿಗೆ ಐನೂರು ಕೆ.ಜಿ. ಒಳಗಿನ ಭಾರ ಕೊಟ್ಟರೆ ಅದು ಬೇರೆಯೇ ಗಾಡಿ. ನೆಲದಿಂದ ಒಂದು ಗೇಣು ಮೇಲೆ ಕೂತವನಿಗೆ ಐವತ್ತರ ವೇಗವೂ ದೊಡ್ಡದು.

ಬಿಚ್ಚುವುದು ಕಟ್ಟುವುದಕ್ಕಿಂತ ಸುಲಭ ಎಂದುಕೊಂಡಿದ್ದೆ. ಹೊಸಬರು ಸೋಲುವುದು ಅಲ್ಲೇ. ನಟ್ಟು ಬೋಲ್ಟುಗಳನ್ನೆಲ್ಲ ಒಂದೇ ಬಕೆಟ್ಟಿಗೆ ಹಾಕಿದವನು ಆರು ತಿಂಗಳ ನಂತರ ಆ ಬಕೆಟ್ಟಿನ ಮುಂದೆ ಕೂತು ಅಳಬೇಕಾಗುತ್ತದೆ. ಒಂದೊಂದು ಭಾಗಕ್ಕೂ ಒಂದೊಂದು ಚೀಟಿ ಕಟ್ಟಿ. ತೆಗೆಯುವ ಮುನ್ನ ಫೋಟೊ, ತೆಗೆದ ಮೇಲೆ ಇನ್ನೊಂದು. ವೈರಿಂಗ್ ಅನ್ನಂತೂ ಕತ್ತರಿಸಲೇಬೇಡಿ. ಇಡೀ ಜಡೆಯನ್ನು ಹಾಗೆಯೇ ಎಳೆದುಕೊಂಡು ತುದಿತುದಿಗೂ ಹೆಸರು ಬರೆದಿಡಿ. ಗಾಡಿ ಕೊಳ್ಳುವಾಗ ಆರ್‌ಸಿ ಜೊತೆಗೇ ಕೊಂಡು, ಬಿಚ್ಚುವ ಮೊದಲು ಅದನ್ನು ರದ್ದು ಮಾಡಿಸಿ. ಕಾಗದವಿಲ್ಲದ ಗುಜರಿ ಎಂಜಿನ್ ಎಷ್ಟೇ ಅಗ್ಗವಾದರೂ ಮನೆಗೆ ತರಬಾರದು.

ಬೆಸುಗೆ ಕಲಿಯಲು ನನಗೆ ಒಂದು ಮಳೆಗಾಲ ಬೇಕಾಯಿತು. ಧಾರವಾಡದ ಕಡೆಯ ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿದರೆ ಬೆಳಗ್ಗೆ ತಿಕ್ಕಿ ಹೊಳಪಿಸಿದ ಪೈಪು ಸಂಜೆಗೆ ಕೆಂಪಗಾಗಿರುತ್ತದೆ. ಮಿಸ್ತ್ರಿ ಮೊದಲ ದಿನ ಮೂರು ಮಾತು ಹೇಳಿದ್ದರು. ಗ್ಯಾಲ್ವನೈಸ್ ಆದ ಪೈಪು ತರಬೇಡ, ಸುಟ್ಟರೆ ಅದರ ಸತುವಿನ ಹೊಗೆ ಜ್ವರ ತರುತ್ತದೆ. ಕರಿ ಪೈಪನ್ನೇ ತಾ. ಮುಖವಾಡ ಇಲ್ಲದೆ ಒಂದು ಟ್ಯಾಕ್, ಅಂದರೆ ಒಂದು ಚುಕ್ಕೆ ಬೆಸುಗೆ ಕೂಡ ಹೊಡೆಯಬೇಡ. ಒಂದೇ ಕಡೆ ಪೂರ್ತಿ ಬೆಸೆಯಬೇಡ. ಎರಡನೆಯದನ್ನು ಒಂದು ಸಂಜೆ ಮೀರಿದೆ, ಒಂದೇ ಒಂದು ಟ್ಯಾಕ್ ತಾನೇ ಎಂದು. ನಡುರಾತ್ರಿ ಕಣ್ಣಿನೊಳಗೆ ಉಸುಕು ಸುರಿದಂತಾಯಿತು. ಬೆಳತನಕ ತಣ್ಣೀರ ಬಟ್ಟೆ ಕಟ್ಟಿಕೊಂಡು ಮಲಗಿದೆ. ಆ ಕೆಲಸದಲ್ಲಿರುವ ಎಷ್ಟೋ ಹುಡುಗರು ಇಂಥ ರಾತ್ರಿಗಳನ್ನು ಲೆಕ್ಕವಿಲ್ಲದಷ್ಟು ಕಳೆದಿದ್ದಾರೆ ಎಂಬುದು ಆಗ ತಿಳಿಯಿತು. ನೂರು ಇನ್ನೂರು ರೂಪಾಯಿಯ ಒಂದು ಗಾಜು ಅವರ ಕೈಗೆ ಸಿಗದಿರುವುದು ನಮ್ಮೆಲ್ಲರ ತಪ್ಪು.

ಮೂರನೆಯ ಮಾತಿನ ಅರ್ಥ ಕೈಗೆ ಬರಲು ಇನ್ನೂ ಸಮಯ ಹಿಡಿಯಿತು. ಬೆಸುಗೆ ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗುತ್ತ ಪೈಪನ್ನು ತನ್ನ ಕಡೆ ಎಳೆಯುತ್ತದೆ. ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ ನೀರು ಹಾಕಿದಾಗ ಅದು ಮರವನ್ನು ಬಿಗಿದಪ್ಪುತ್ತದಲ್ಲ, ಅದೇ ಬಲ. ಗಾಲಿಗೆ ಉಪಕಾರಿಯಾದ ಆ ಬಲ ಚಾಸಿಗೆ ಅಪಕಾರಿ. ಅದಕ್ಕೇ ಎಲ್ಲ ಮೂಲೆಗೂ ಮೊದಲು ಚುಕ್ಕೆ ಚುಕ್ಕೆ ಟ್ಯಾಕ್, ಆಮೇಲೆ ಮೂಲೆಮಟ್ಟ ಇಟ್ಟು ನೋಡಿ, ಎರಡೂ ಕರ್ಣ ಅಳೆದು, ಒಂದು ಬೆಸುಗೆ ಎಡಕ್ಕೆ ಹಾಕಿದರೆ ಮುಂದಿನದು ಬಲಕ್ಕೆ.

ಇಷ್ಟು ತಿಳಿದ ಮೇಲೂ ಕೆಲವಕ್ಕೆ ನಾನು ಕೈ ಹಾಕಿಲ್ಲ. ಓಮ್ನಿಯ ಮುಂದಿನ ಸಸ್ಪೆನ್ಷನ್ ಎತ್ತರದ್ದು, ಸೆವೆನ್ನಿನ ಸೊಂಟದೆತ್ತರದ ಮೂತಿಯೊಳಗೆ ಕೂರುವುದಿಲ್ಲ. ಮೇಲೊಂದು ಕೆಳಗೊಂದು ತ್ರಿಕೋನದ ತೋಳು ಮಾಡಿ ಗಾಲಿ ಹಿಡಿಸಬೇಕು. ಆ ತೋಳುಗಳ ಬೆಸುಗೆ ಮಿಸ್ತ್ರಿಯವರ ಕೈಯದೇ ಆಗಲಿ ಎಂದೆ. ಪ್ರೊಪೆಲ್ಲರ್ ಶಾಫ್ಟನ್ನು ಗಿಡ್ಡ ಮಾಡಿಸಲು ಲೇತ್ ಇದ್ದವರ ಹತ್ತಿರ ಹೋದೆ. ಕತ್ತರಿಸಿ ಬೆಸೆದರೆ ಸಾಲದು, ತಿರುಗಿಸಿ ತೂಕ ಸಮ ಮಾಡಬೇಕು, ಇಲ್ಲವಾದರೆ ಅದು ನಡುಗಿ ಇಡೀ ಗಾಡಿಯನ್ನು ನಡುಗಿಸುತ್ತದೆ. ಸ್ಟೇರಿಂಗ್ ಕೊಳವೆ ಮತ್ತು ಬ್ರೇಕಿನ ಪೈಪುಗಳಿಗೆ ನನ್ನ ಬೆಸುಗೆ ತಾಗುವುದೇ ಇಲ್ಲ. ಹೊಸಬನಿಗೆ ಧೈರ್ಯ ಎಷ್ಟು ಬೇಕೋ ಈ ಗೆರೆಯೂ ಅಷ್ಟೇ ಬೇಕು. ಮೈ ಹೊದಿಸುವ ಕೆಲಸ ಮಾತ್ರ ಸಲೀಸು. ಸೆವೆನ್ನಿನ ಮೈ ಬಹುತೇಕ ಚಪ್ಪಟೆ ಅಲ್ಯುಮಿನಿಯಂ ಹಾಳೆ. ಅಂಟುಮೇಣ ಹಚ್ಚಿ ಪಾಪ್ ರಿವೆಟ್ ಹೊಡೆದರೆ ಮುಗಿಯಿತು. ಮೇಣ ಇಲ್ಲದೆ ಕಬ್ಬಿಣಕ್ಕೆ ಅಲ್ಯುಮಿನಿಯಂ ನೇರ ತಾಗಿ ನೀರು ಸೇರಿದರೆ ಅಲ್ಯುಮಿನಿಯಂ ಸವೆದುಹೋಗುತ್ತದೆ. ಮೂತಿ ಮತ್ತು ಮಡ್‌ಗಾರ್ಡ್ ಮಾತ್ರ ಫೈಬರ್.

ಹೀಗೆ ಒಬ್ಬೊಬ್ಬರ ಬಾಗಿಲು ತಟ್ಟುತ್ತ ಹೋದಂತೆ ನನಗೆ ಊರು ಬೇರೆಯಾಗಿ ಕಾಣತೊಡಗಿತು. ಹುಬ್ಬಳ್ಳಿ ಲಾರಿಯ ಊರು. ರೈಲ್ವೆ ಕಾರ್ಯಾಗಾರಕ್ಕೆ ಶತಮಾನ ದಾಟಿದೆ. ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಗೋಕುಲ ರಸ್ತೆಯಲ್ಲಿದೆ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಆರಂಭಿಸಿದ ವಿಆರ್‌ಎಲ್ ಇವತ್ತು ಇಲ್ಲೇ ಹತ್ತಿರದ ವರೂರಿನಲ್ಲಿದೆ. ಧಾರವಾಡದಲ್ಲಿ ಟಾಟಾದವರ ಕಾರ್ಖಾನೆ, ಅದರ ಜೊತೆಗೆ ಮಾರ್ಕೊಪೋಲೊ ಹೆಸರಿನಲ್ಲಿ ಶುರುವಾದ ಬಸ್ ಕಟ್ಟುವ ಕಾರ್ಖಾನೆ. ಇವೆಲ್ಲದರ ಸುತ್ತ ಬೆಳೆದ ಕೈಗಳು ಇಲ್ಲಿನ ಓಣಿಗಳಲ್ಲಿವೆ: ಕಮಾನು ಹದ ಮಾಡುವವರು, ರೇಡಿಯೇಟರ್ ಬೆಸೆಯುವವರು, ಸೀಟು ಹೊಲಿಯುವವರು, ಡೈನಮೊ ಸುತ್ತುವವರು, ತಗಡು ಬಡಿದು ನೇರ ಮಾಡುವವರು. ಒಂದು ಕಾರಿಗೆ ಬೇಕಾದ ಪ್ರತಿಯೊಂದು ವಿದ್ಯೆಯೂ ನಾಲ್ಕು ಮೈಲಿಯೊಳಗೆ ಇದೆ. ಆದರೂ ಅವರಲ್ಲಿ ಯಾರೂ ಇಡೀ ಕಾರೊಂದನ್ನು ಕಟ್ಟಿ ತಮ್ಮದೆಂದು ರಸ್ತೆಗೆ ಇಳಿಸಲಾರರು.

ಪ್ರಯತ್ನಿಸಿದವರು ನಮ್ಮ ಅಕ್ಕಪಕ್ಕದಲ್ಲೇ ಇದ್ದಾರೆ. ಇಚಲಕರಂಜಿಯ ಶಂಕರರಾವ್ ಕುಲಕರ್ಣಿ ಏಳನೆಯ ತರಗತಿ ಓದಿದವರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಆರಂಭಿಸಿ 1970ರ ದಶಕದವರೆಗೂ ‘ಮೀರಾ’ ಎಂಬ ಪುಟ್ಟ ಕಾರನ್ನು ಮತ್ತೆ ಮತ್ತೆ ಕಟ್ಟಿ ತಿದ್ದಿದರು. ಕಾರ್ಖಾನೆಯಲ್ಲಿ ತಯಾರಾಗುವ ಮಟ್ಟಕ್ಕೆ ಅದು ತಲುಪಲಿಲ್ಲ. ಬೆಂಗಳೂರಿನಲ್ಲಿ ಸಿಪಾನಿ ಕಂಪನಿ 1982ರಲ್ಲಿ ಬ್ರಿಟನ್ನಿನ ರಿಲಯಂಟ್ ಕಾರಿನ ಮಾದರಿಯಲ್ಲಿ ಫೈಬರ್ ಮೈಯ ಡಾಲ್ಫಿನ್ ತಂದಿತು. 1990ರ ದಶಕದ ಕೊನೆಗೆ ಸ್ಯಾನ್ ಮೋಟಾರ್ಸ್, ರೆನೊ ಎಂಜಿನ್ನಿನ ಎರಡು ಸೀಟಿನ ‘ಸ್ಟಾರ್ಮ್’ ಮಾಡಿತು. ಅವು ಕಂಪನಿಗಳು, ನನ್ನ ಮನಸ್ಸಿಗೆ ಹತ್ತಿರವಾದದ್ದು ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯ ಕಮ್ಮಾರ ದತ್ತಾತ್ರೇಯ ಲೋಹಾರ್ ಅವರ ಕಥೆ. ಮಗನ ಆಸೆಗೆಂದು ಗುಜರಿ ಕಬ್ಬಿಣದಿಂದ, ಸುಮಾರು 60 ಸಾವಿರ ರೂಪಾಯಿಯಲ್ಲಿ, ಬೈಕಿನಂತೆ ಕಿಕ್ ಹೊಡೆದು ಚಾಲೂ ಮಾಡುವ ಪುಟ್ಟ ಜೀಪು ಕಟ್ಟಿದರು. 2021ರ ಡಿಸೆಂಬರಿನಲ್ಲಿ ಅದರ ವಿಡಿಯೊ ಕಂಡ ಆನಂದ್ ಮಹೀಂದ್ರ, ಅದಕ್ಕೆ ಬದಲಾಗಿ ಬೊಲೆರೊ ಕೊಡುತ್ತೇನೆ ಎಂದರು, ಮರುತಿಂಗಳು ಕೊಟ್ಟರು. ಜೊತೆಗೆ ಒಂದು ಮಾತನ್ನೂ ಬರೆದಿದ್ದರು: ಈ ಗಾಡಿ ನಿಯಮಕ್ಕೆ ಹೊಂದುವುದಿಲ್ಲ, ಇಂದಲ್ಲ ನಾಳೆ ಅಧಿಕಾರಿಗಳು ತಡೆಯುತ್ತಾರೆ.

ಅದು ನಿಜ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮ, ವಾಹನ ತಯಾರಿಸುವ ಪ್ರತಿಯೊಬ್ಬರೂ ಅದರ ಮೂಲಮಾದರಿಯನ್ನು ಪುಣೆಯ ಎಆರ್‌ಎಐಯಂಥ ಸಂಸ್ಥೆಯ ಪರೀಕ್ಷೆಗೆ ಒಪ್ಪಿಸಬೇಕು ಎನ್ನುತ್ತದೆ. ಸಾವಿರಾರು ಕಾರು ಮಾರುವ ಕಂಪನಿಗೆ ಆ ಖರ್ಚು ಹಂಚಿಹೋಗುತ್ತದೆ. ಒಂದೇ ಕಾರು ಕಟ್ಟುವವನಿಗೆ ಅದು ಕಾರಿನ ಬೆಲೆಯನ್ನೇ ಮೀರುತ್ತದೆ. ಹಳೆಯ ಗಾಡಿಯ ಆರ್‌ಸಿ ಇಟ್ಟುಕೊಂಡು ಮೈ ಬದಲಿಸೋಣ ಎಂದರೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಅಡ್ಡ ನಿಲ್ಲುತ್ತದೆ: ತಯಾರಕರು ಮೂಲದಲ್ಲಿ ಹೇಳಿದ ವಿವರಕ್ಕೆ ವ್ಯತ್ಯಾಸ ಬರುವಂತೆ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಾಯಿತು.

ಈ ನಿಯಮದ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಬ್ರೇಕು ಹಿಡಿಯದ ಗಾಡಿ ಕಟ್ಟಿದವನನ್ನಷ್ಟೇ ಅಲ್ಲ, ಎದುರಿಗೆ ಬರುವವರನ್ನೂ ಕೊಲ್ಲುತ್ತದೆ. ನಾನು ಕೇಳುವುದು ಪರೀಕ್ಷೆಯಿಂದ ವಿನಾಯಿತಿಯನ್ನಲ್ಲ, ಒಂದು ಕಾರಿಗೆ ತಕ್ಕ ಪರೀಕ್ಷೆಯನ್ನು. ಬ್ರಿಟನ್ನಿನಲ್ಲಿ ಅದು ಇದೆ. 1998ರಲ್ಲಿ ಒಂದು ರೂಪದಲ್ಲಿ ಬಂದು 2009ರಲ್ಲಿ ಇನ್ನಷ್ಟು ಬಿಗಿಯಾಯಿತು. ಮನೆಯಲ್ಲಿ ಕಟ್ಟಿದ ಕಾರನ್ನು ಸರ್ಕಾರಿ ಕೇಂದ್ರಕ್ಕೆ ಒಯ್ಯಬೇಕು. ಬ್ರೇಕು, ಸ್ಟೇರಿಂಗು, ದೀಪ, ಹೊಗೆ, ಸೀಟುಬೆಲ್ಟು, ಹೊರಗೆ ಚಾಚಿದ ಚೂಪು ಅಂಚು, ಎಲ್ಲವನ್ನೂ ನೋಡುತ್ತಾರೆ. ತಪ್ಪಿದ್ದರೆ ಬರೆದುಕೊಡುತ್ತಾರೆ. ತಿದ್ದಿ ಮತ್ತೆ ಒಯ್ದು ಪಾಸಾದರೆ ನಂಬರು ಸಿಗುತ್ತದೆ.

ನಮ್ಮ ದೇಶಕ್ಕೆ ಇಂಥದ್ದು ಹೊಸತು ಎನ್ನುವಂತೆಯೂ ಇಲ್ಲ. ಮುಂಬೈಯ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ತಮ್ಮ ಕಟ್ಟಡದ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದ ಮೇಲೆ 2017ರ ನವೆಂಬರಿನಲ್ಲಿ ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯ ಅದನ್ನು ನೋಂದಾಯಿಸಿತು. ತಾರಸಿಯ ಮೇಲೆ ಕಟ್ಟಿದ ವಿಮಾನಕ್ಕೆ ನೋಂದಣಿ ಸಿಕ್ಕ ದೇಶದಲ್ಲಿ ಶೆಡ್ಡಿನಲ್ಲಿ ಕಟ್ಟಿದ ಕಾರಿಗೂ ಒಂದು ಬಾಗಿಲು ತೆರೆಯಬಹುದು.

ಆ ಬಾಗಿಲು ತೆರೆಯುವವರೆಗೆ ನನ್ನ ಕಾರು ರಸ್ತೆಗೆ ಇಳಿಯುವುದಿಲ್ಲ. ಇಳಿಸಲೂಬಾರದು. ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಹತ್ತಿರದ ಟ್ರ್ಯಾಕ್, ಇಂಥಲ್ಲಿಗೆ ಲಾರಿಯ ಮೇಲೆ ಹೇರಿಕೊಂಡು ಹೋಗಿ, ಅಲ್ಲಿನ ತಪಾಸಣೆಗೆ ಒಪ್ಪಿದರೆ ಓಡಿಸಬೇಕು.

ತಪಾಸಣೆ ಎಂದರೆ ಏನೆಂದು ಕಲಿಯಬೇಕಾದರೆ ವಿದ್ಯಾನಗರಕ್ಕೆ ಹೋಗಬೇಕು. 1947ರಲ್ಲಿ ಆರಂಭವಾದ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಊರಿನವರ ಬಾಯಲ್ಲಿ ಇನ್ನೂ ಬಿವಿಬಿಯೇ. ಅಲ್ಲಿನ ವಿದ್ಯಾರ್ಥಿಗಳು ದೇಶಮಟ್ಟದ ಸ್ಪರ್ಧೆಗಳಿಗೆಂದು ಗಾಡಿ ಕಟ್ಟುತ್ತಾರೆ. 2007ರಲ್ಲಿ ಭಾರತಕ್ಕೆ ಬಂದ ಬಾಹಾ ಸ್ಪರ್ಧೆ ಕಲ್ಲುಮಣ್ಣಿನ ದಾರಿಯದು. 2011ರಲ್ಲಿ ಬಂದ ಸುಪ್ರಾ, ಟ್ರ್ಯಾಕಿನ ಕಾರಿನದು. ಅವರೂ ಹೊಸಬರೇ, ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಓಟಕ್ಕೆ ಬಿಡುವ ಮೊದಲು ಅವರ ಗಾಡಿಗೆ ಆಗುವ ಪರೀಕ್ಷೆಗಳನ್ನು ಕೇಳಿದರೆ ನಿಯಮ ಮಾಡುವವರಿಗೂ ಪಾಠವಾದೀತು. ಬೆಲ್ಟು ಬಿಗಿದು ಕೂತ ಚಾಲಕ ಐದು ಸೆಕೆಂಡಿನಲ್ಲಿ ಹೊರಗೆ ಬರಬೇಕು. ಟ್ರ್ಯಾಕಿನ ಕಾರನ್ನು ಹಲಗೆಯ ಮೇಲೆ ನಿಲ್ಲಿಸಿ ಅರವತ್ತು ಡಿಗ್ರಿ ವಾಲಿಸುತ್ತಾರೆ. ಉರುಳಬಾರದು, ಎಣ್ಣೆ ತೊಟ್ಟಿಕ್ಕಬಾರದು. ಕೊನೆಗೆ ವೇಗ ಹಿಡಿಸಿ ಒಮ್ಮೆಲೇ ಬ್ರೇಕು ತುಳಿಯಬೇಕು: ನಾಲ್ಕೂ ಗಾಲಿ ಕಚ್ಚಿ ನಿಲ್ಲಬೇಕು, ಮೂರು ನಿಂತು ಒಂದು ತಿರುಗಿದರೆ ಫೇಲು. ಗಾಡಿ ಯಾರು ಕಟ್ಟಿದರು, ಯಾವ ಕಂಪನಿ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇಂಥ ಒಂದು ಅಂಗಳ, ಒಂದು ಹಲಗೆ, ಇಬ್ಬರು ತಿಳಿದ ಇನ್‌ಸ್ಪೆಕ್ಟರುಗಳು ಪ್ರತಿ ವಿಭಾಗಕ್ಕೊಂದು ಇದ್ದರೆ ಲೋಹಾರ್ ಅಂಥವರ ಜೀಪಿನ ಕೊರತೆಯನ್ನು ಕಾಗದದ ಮೇಲೆ ಬರೆದುಕೊಟ್ಟು ತಿದ್ದಿಸಬಹುದು. ಪರೀಕ್ಷೆಯ ಫೀಜು ಕಟ್ಟಲು ನಾನು ಮೊದಲಿಗನಾಗಿ ಸಾಲಿನಲ್ಲಿ ನಿಲ್ಲುತ್ತೇನೆ.

ಹೋದ ತಿಂಗಳು ಚಾಸಿ ಮೊದಲ ಬಾರಿ ತನ್ನ ನಾಲ್ಕು ಗಾಲಿಯ ಮೇಲೆ ನಿಂತಿತು. ಎಂಜಿನ್ ಇನ್ನೂ ಮರದ ದಿಮ್ಮಿಯ ಮೇಲಿದೆ, ಸ್ಟೇರಿಂಗ್ ಇಲ್ಲ, ಸೀಟಿನ ಜಾಗದಲ್ಲಿ ಮಡಚಿದ ಕಂಬಳಿ. ಪಕ್ಕದ ಮನೆಯ ಹುಡುಗಿ ಒಳಗೆ ಇಳಿದು ಕೂತಳು. ಒಂದು ಕೈಯಿಂದ ನೂಕಿದರೆ ಸಾಕು, ಶೆಡ್ಡಿನ ಬಾಗಿಲಿನವರೆಗೆ ಆರಡಿ ಉರುಳಿತು. ಅವಳು ಇನ್ನೊಮ್ಮೆ ಎಂದಳು. ಇನ್ನೊಮ್ಮೆ ನೂಕಿದೆ.

ಮಿಸ್ತ್ರಿ ಅಷ್ಟರಲ್ಲಿ ಟೇಪು ಬಿಚ್ಚಿದ್ದರು. ಎಡಗಡೆ ಗಾಲಿಯಿಂದ ಗಾಲಿಗೆ ಅಳೆದರು, ಬಲಗಡೆ ಅಳೆದರು, ಮತ್ತೆ ಎಡಕ್ಕೆ ಬಂದರು.

“ಆರು ಮಿಲಿ ಫರಕ್ ಐತ್ರೀ.”

“ಓಡಾಕ ಬರಂಗಿಲ್ಲೇನ್ರೀ ಮಿಸ್ತ್ರಿ?”

“ಓಡತೈತಿ. ಬ್ರೇಕ್ ಹಾಕಿದಾಗ ಒಂದ ಕಡೆ ಎಳದ್ರೂ ಎಳೀಬಹುದು. ನೋಡ್ರಿ, ನಿಮ್ಮ ಗಾಡಿ.”

ಫರಕು ಬಂದದ್ದು ಹಿಂದಿನ ಆಕ್ಸಲ್ ಹಿಡಿದ ಬಲಗಡೆಯ ಬ್ರಾಕೆಟ್ಟಿನಿಂದ. ಒಂದು ಭಾನುವಾರ ಪೂರ್ತಿ ಕೂತು ನಾನೇ ಬೆಸೆದದ್ದು, ಗೆರೆ ನೇರವಾಗಿ ಬಂದಿದೆಯೆಂದು ಫೋಟೊ ತೆಗೆದಿಟ್ಟುಕೊಂಡದ್ದು. ಹುಡುಗಿಯನ್ನು ಕೆಳಗಿಳಿಸಿ ಮನೆಗೆ ಕಳಿಸಿದೆ. ಜಾಕ್ ಏರಿಸಿ ಗಾಲಿ ಬಿಚ್ಚಿದೆವು. ಕನ್ನಡಕ ಹಾಕಿಕೊಂಡು ಗ್ರೈಂಡರ್ ಕೈಗೆ ತೆಗೆದುಕೊಂಡೆ.